ಕುಡಿತ ಬಿಟ್ಟ ಮೇಲೂ ಅಣ್ಣನಿಗೆ ಎಲ್ಲರ ಮುಖದಲ್ಲೂ ಸಿಟ್ಟೇ ಕಾಣುತ್ತದೆ. ಇದು ಸರಿ ಆಗ್ತದಾ?

ಸಂತೆಕಟ್ಟೆ ತಂಗಿ:

ಎಲ್ಲರಿಗೂ ನಮಸ್ಕಾರ. ಕುಡಿತ ಬಿಡಿಸುವುದು ಹೇಗೆ ಅಂತ ಕೇಳುತ್ತಿಲ್ಲ. ಬಿಟ್ಟಾಗಿದೆ. ಬಿಟ್ಟ ಮೇಲೆ ಆಗುತ್ತಿರುವುದೇ ನಮಗೆ ಅರ್ಥ ಆಗುತ್ತಿಲ್ಲ.

ನನ್ನ ಅಣ್ಣನಿಗೆ 44 ವರ್ಷ. ಮಲ್ಪೆಯಲ್ಲಿ ಆಳಸಮುದ್ರ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಕಡಲಿಗೆ ಹೋದರೆ ವಾರ, ಹತ್ತು ದಿನ ಬರುವುದಿಲ್ಲ. ಬಂದರೆ ಬೋಟು ನಿಲ್ಲುವ ದಕ್ಕೆಯಿಂದ ಸೀದಾ ಗಡಂಗಿಗೆ. ವರ್ಷಗಟ್ಟಲೆ ಹೀಗೇ ನಡೆಯಿತು. ಈ ಸಲ ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಶುರುವಾಗಿ ಬೋಟೆಲ್ಲ ಕಟ್ಟಿ ಹಾಕಿದ ಮೇಲೆ ಮನೆಯಲ್ಲೇ ಬೆಳಿಗ್ಗೆಯಿಂದ ಕುಡಿಯಲಿಕ್ಕೆ ಕೂತ. ಕೈ ನಡುಗಿ ಚಾದ ಗ್ಲಾಸ್ ಹಿಡಿಯಲಿಕ್ಕೆ ಆಗುತ್ತಿರಲಿಲ್ಲ. ಕೊನೆಗೆ ಆಸ್ಪತ್ರೆಗೆ ಸೇರಿಸಿದೆವು. ಬಂದ ಮೇಲೆ ಒಂದು ಹನಿ ಮುಟ್ಟಿಲ್ಲ. ನಾವು ಸುಮ್ನೆ ನಂಬಿದ್ದಲ್ಲ. ಬಚ್ಚಲು, ಬಲೆಯ ರಾಶಿ, ಸ್ಕೂಟರಿನ ಡಿಕ್ಕಿ ಎಲ್ಲ ಹುಡುಕಿ ಆಗಿದೆ.

ಆದರೆ ಮನೆಯಲ್ಲಿ ನೆಮ್ಮದಿ ಇಲ್ಲ. ಮೊನ್ನೆ ಅತ್ತಿಗೆ ಬಂಗುಡೆ ಹುರಿಯುತ್ತಿದ್ದರು. ಎಣ್ಣೆ ಸಿಡಿಯಿತು, ಅವರು ಮುಖ ಕಿವುಚಿದರು. ಅಣ್ಣ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ. “ನನ್ನನ್ನು ಕಂಡರೆ ಅಷ್ಟು ಅಸಹ್ಯವಾ ನಿನಗೆ?” ಅಂತ ಶುರು. ಅತ್ತಿಗೆ ಕೈ ತೋರಿಸಿದರು, ಮೊಣಕೈ ಹತ್ತಿರ ಕೆಂಪಾಗಿತ್ತು. ಅದನ್ನು ನೋಡಿದ ಮೇಲೂ “ಇಲ್ಲ, ನೀನು ಅದಕ್ಕೆ ಮೊದಲೇ ಹಾಗೆ ನೋಡಿದ್ದು” ಅಂತ ಹಠ. ರಾತ್ರಿ ಊಟಕ್ಕೂ ಬರಲಿಲ್ಲ.

ಇನ್ನೊಂದು ಕಡೆ ನಿಜವಾಗಿ ನೋಡಬೇಕಾದ್ದು ಕಾಣುವುದಿಲ್ಲ. ಮಗಳು ಒಂಬತ್ತನೇ ಕ್ಲಾಸು. ಇವನ ದನಿ ಏರಿದಾಗ ಗೋಡೆಗೆ ಅಂಟಿಕೊಂಡು ನಿಂತಿದ್ದಳು, ತುಟಿ ಬಿಳಿಚಿತ್ತು. ಹೆದರಿದ್ದಾಳೆ ಅಂತ ಪಕ್ಕದ ಮನೆಯವರಿಗೂ ಗೊತ್ತಾಯಿತು. ಇವನು ಮಾತಾಡುತ್ತಲೇ ಇದ್ದ. ಆಮೇಲೆ ಕೇಳಿದರೆ “ಅವಳು ಆರಾಮಾಗಿ ಇದ್ದಳಲ್ಲ” ಅನ್ನುತ್ತಾನೆ. ಸುಳ್ಳು ಹೇಳುವ ಹಾಗೆ ಕಾಣಲಿಲ್ಲ. ಅದೇ ನನಗೆ ಹೆದರಿಕೆ.

ಅವನ ಮನಸ್ಸಿನಲ್ಲಿ ಏನಿದೆ ಅಂತ ಕೇಳಿದರೂ ಉತ್ತರ ಇಲ್ಲ. “ಎದೆ ಬಿಗಿ”, “ಹೊಟ್ಟೆಯಲ್ಲಿ ಒಂಥರಾ” ಅನ್ನುತ್ತಾನೆ. ಬೇಜಾರಾ, ಸಿಟ್ಟಾ, ಹೆದರಿಕೆಯಾ ಅಂದರೆ ಗೊತ್ತಿಲ್ಲವಂತೆ. ದುಡ್ಡಿನ ವಿಷಯ ಇನ್ನೂ ಮಜಾ. 1 ಲಕ್ಷದ ಚೀಟಿಯನ್ನು 30 ಸಾವಿರ ಬಿಟ್ಟುಕೊಟ್ಟು ಎತ್ತಿದ್ದಾನೆ. ಎರಡು ತಿಂಗಳು ಕಾದಿದ್ದರೆ ಅಷ್ಟು ಬಿಡಬೇಕಿರಲಿಲ್ಲ. ಏನು ಅವಸರ ಅಂದರೆ “ಈಗ ಬೇಕು ಅನ್ನಿಸಿತು” ಅಂದ. ಮೊದಲು ಡೀಸೆಲ್, ಐಸು, ಎಂಟು ಜನರ ಪಾಲು ಎಲ್ಲ ಬಾಯಲ್ಲೇ ಲೆಕ್ಕ ಹಾಕುತ್ತಿದ್ದ ಜನ ಇವನು.

ಈಗ ಸೀಸನ್ ಶುರು, ಮಾಲೀಕರು ಫೋನಿನ ಮೇಲೆ ಫೋನ್ ಮಾಡುತ್ತಿದ್ದಾರೆ. ತಾಂಡೇಲನಾಗಿ ಕಳಿಸಬಹುದಾ? ಇದು ಕುಡಿತದಿಂದ ಆದದ್ದಾ ಅಥವಾ ಬೇರೆ ಏನಾದರೂ ಕಾಯಿಲೆಯಾ? ಗೊತ್ತಿದ್ದವರು ಹೇಳಿ.

ಕಾಪು ದೋಸ್ತಿ:

ಬಿಟ್ಟಿದ್ದಾರೆ ಅಂತ ನೀವು ಅಂದುಕೊಂಡಿದ್ದೀರಿ ಅಷ್ಟೇ. ನಮ್ಮ ಕಡೆ ಒಬ್ಬರು ಪುಡಿ ಕೊಡುತ್ತಾರೆ. ಸಾರಿಗೆ ಹಾಕಿದರೆ ರುಚಿಯೇ ಗೊತ್ತಾಗುವುದಿಲ್ಲ. ಒಂದು ತಿಂಗಳು ಕೊಡಿ, ಮತ್ತೆ ಗಡಂಗಿನ ದಾರಿಯೇ ಹಿಡಿಯುವುದಿಲ್ಲ.

ಬಿಜೈ ಸಿಸ್ಟರ್:

ಮೊದಲು ಪುಡಿಯ ವಿಷಯ. ದಯವಿಟ್ಟು ಬೇಡ ಮಾರಾಯ್ರೆ. ಕುಡಿತಕ್ಕೆ ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಅರೆದು ಗುಟ್ಟಾಗಿ ಊಟಕ್ಕೆ ಹಾಕಿದವರನ್ನು ನಾನು ಕಂಡಿದ್ದೇನೆ. ಅದು ಹೊಟ್ಟೆಯಲ್ಲಿ ಇರುವಾಗ ಗೊತ್ತಿಲ್ಲದೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು ಬಿಪಿ ಇಳಿಯುತ್ತದೆ. ಜೀವ ಹೋಗುವುದೂ ಉಂಟು. ಮಾತ್ರೆ ನಿಲ್ಲಿಸಿದ ಎರಡು ವಾರದವರೆಗೂ ಹೀಗೆ ಆಗಬಹುದು. ಆ ಮದ್ದು ಕೆಟ್ಟದ್ದಲ್ಲ. ಆದರೆ ತಗೊಳ್ಳುವವರಿಗೆ ಗೊತ್ತಿರಬೇಕು, ಡಾಕ್ಟರು ರಕ್ತ ಪರೀಕ್ಷೆ ಮಾಡಿ ಕೊಡಬೇಕು.

ಈಗ ತಂಗಿಯ ಪ್ರಶ್ನೆಗೆ. ನಾನು ಮಂಗಳೂರಿನಲ್ಲಿ ಮನೋರೋಗ ವಾರ್ಡಿನಲ್ಲಿ ನರ್ಸ್ ಆಗಿದ್ದವಳು, ಈಗ ರಿಟೈರ್ಡ್. ಡಾಕ್ಟರ್ ಅಲ್ಲ, ಹಾಗಾಗಿ ನಿಮ್ಮ ಅಣ್ಣನಿಗೆ ಇದೇ ಅಂತ ನಾನು ಹೇಳುವುದಿಲ್ಲ. ಆದರೆ ನೀವು ಬರೆದದ್ದು ಹೊಸ ಕಥೆ ಅಲ್ಲ. ಫಾಲೋಅಪ್‌ಗೆ ಬಂದ ಹೆಂಡತಿಯರು ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ ಹೇಳುತ್ತಿದ್ದದ್ದು ಇದನ್ನೇ: “ಸಿಸ್ಟರ್, ಕುಡಿಯುವುದಿಲ್ಲ, ಆದರೆ ಜನ ಮೊದಲಿನ ಹಾಗಿಲ್ಲ.” ಮೈಯಿಂದ ಮದ್ಯ ಇಳಿಸಲಿಕ್ಕೆ ಒಂದು ವಾರ, ಹತ್ತು ದಿನ ಸಾಕು. ಮಂಡೆ ಸರಿಯಾಗಲಿಕ್ಕೆ ಸಾಲುವುದಿಲ್ಲ. ಡಿಸ್ಚಾರ್ಜ್ ಮಾಡುವಾಗ ಇದನ್ನು ಮನೆಯವರಿಗೆ ಕೂರಿಸಿ ಹೇಳುವವರು ಕಡಿಮೆ. ಅದು ನನ್ನ ಹಳೇ ತಕರಾರು, ಇರಲಿ.

ಮುಖ ಓದುವುದರ ಬಗ್ಗೆಯೇ ಅಧ್ಯಯನಗಳು ಉಂಟು. 1999ರಲ್ಲಿ ಬೆಲ್ಜಿಯಂನ ಸಂಶೋಧಕರು ಆಗಷ್ಟೇ ಕುಡಿತ ಬಿಟ್ಟವರಿಗೆ ಮುಖದ ಫೋಟೋಗಳನ್ನು ತೋರಿಸಿದರು. ಕೆಲವದರಲ್ಲಿ ಭಾವನೆ ಎದ್ದು ಕಾಣುತ್ತದೆ, ಕೆಲವದರಲ್ಲಿ ಚೂರೇ ಚೂರು. ಯಾವ ಭಾವ, ಎಷ್ಟು ಜೋರು ಅಂತ ಹೇಳಬೇಕು. ಅವರಿಗೆ ಎಲ್ಲವೂ ಇದ್ದದ್ದಕ್ಕಿಂತ ಜೋರಾಗಿ ಕಂಡಿತು. ತಪ್ಪಿದಾಗ ಹೆಚ್ಚಾಗಿ ಸಿಟ್ಟು, ತಾತ್ಸಾರದ ಕಡೆಗೇ ತಪ್ಪಿದರು. ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು: ತಾವು ತಪ್ಪುತ್ತಿದ್ದೇವೆ ಅಂತ ಅವರಿಗೆ ಗೊತ್ತೇ ಆಗಲಿಲ್ಲ. ನಿಮ್ಮ ಅಣ್ಣ ಹಠ ಮಾಡಿದ್ದು ಅಲ್ಲೇ ಅಲ್ವಾ? ಅವರ ಕಣ್ಣಿಗೆ ಆ ಮುಖದಲ್ಲಿ ಅಸಹ್ಯ ನಿಜವಾಗಿಯೂ ಕಂಡಿರುತ್ತದೆ. ಕೆಂಪಾದ ಕೈ ತೋರಿಸಿದರೆ ಕಂಡದ್ದು ಅಳಿಸಿ ಹೋಗುವುದಿಲ್ಲ. ದನಿಯಲ್ಲೂ ಹೀಗೇ. ಸುಮ್ನೆ “ಊಟಕ್ಕೆ ಬನ್ನಿ” ಅಂದರೂ ಗದರಿದ ಹಾಗೆ ಕೇಳಬಹುದು.

ಮಿದುಳಿನ ಒಳಗೆ ಅಮಿಗ್ಡಲಾ ಅಂತ ಒಂದು ಸಣ್ಣ ಭಾಗ ಇದೆ. ಎದುರಿನವರ ಮುಖದಲ್ಲಿ ಹೆದರಿಕೆ, ಸಿಟ್ಟು ಇದ್ದರೆ ಮೊದಲು ಎಚ್ಚರವಾಗುವುದು ಅದು. ಹಣೆಯ ಹಿಂದಿನ ಭಾಗ ಅದನ್ನು ತಡೆದು “ನಿಲ್ಲು, ಎಣ್ಣೆ ಸಿಡಿದದ್ದು ಇರಬಹುದು” ಅಂತ ಎರಡನೇ ಸಲ ನೋಡಿಸುತ್ತದೆ. ವರ್ಷಗಟ್ಟಲೆ ಕುಡಿದಾಗ ಎರಡಕ್ಕೂ ಪೆಟ್ಟು. ಅದಕ್ಕೇ ಮಗಳ ಹೆದರಿಕೆ ಕಾಣದೆ ಹೋಗುವುದೂ, ಹೆಂಡತಿಯ ಮುಖದಲ್ಲಿ ಇಲ್ಲದ ಸಿಟ್ಟು ಕಾಣುವುದೂ ಒಬ್ಬರಲ್ಲೇ ಇರಲಿಕ್ಕೆ ಸಾಧ್ಯ.

ಚೀಟಿಯ ವಿಷಯಕ್ಕೂ ಇದೇ ಹಣೆಯ ಭಾಗ. 1994ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಒಂದು ಇಸ್ಪೀಟಿನ ಪರೀಕ್ಷೆ ಮಾಡಿದರು. ನಾಲ್ಕು ಕಟ್ಟು. ಎರಡು ಕಟ್ಟಿನಲ್ಲಿ ಎಲೆ ತೆಗೆದಾಗಲೆಲ್ಲ 100 ಡಾಲರ್ ಆಟದ ದುಡ್ಡು, ಆದರೆ ನಡುನಡುವೆ ದೊಡ್ಡ ದಂಡ. ಇನ್ನೆರಡರಲ್ಲಿ 50 ಡಾಲರ್, ದಂಡವೂ ಸಣ್ಣದು. ಆಡುತ್ತಾ ಆಡುತ್ತಾ ಹೆಚ್ಚಿನವರು 50ರ ಕಟ್ಟಿಗೆ ಬರುತ್ತಾರೆ. ಹಣೆಯ ಹಿಂದಿನ ಮಿದುಳಿಗೆ ಪೆಟ್ಟಾದವರು 100ರಲ್ಲೇ ಉಳಿದರು. ಮುಂದೆ ಇದೇ ಪರೀಕ್ಷೆಯನ್ನು ಚಟ ಇರುವವರಿಗೆ ಕೊಟ್ಟಾಗ ಅವರಲ್ಲೂ ತುಂಬ ಜನ 100ರ ಕಟ್ಟಿಗೇ ಕೈ ಹಾಕಿದರು. ಲೆಕ್ಕ ಬಾರದೆ ಅಲ್ಲ. ನಾಳೆಯ ನಷ್ಟ ಇವತ್ತಿನ ಕೈಗೆ ಭಾರ ಅನ್ನಿಸುವುದಿಲ್ಲ. ನಿಮ್ಮ ಅಣ್ಣನಿಗೆ 30 ಸಾವಿರ ಎಷ್ಟು ಅಂತ ಗೊತ್ತು.

ಬಿಟ್ಟು ಬರೇ ಒಂದೆರಡು ತಿಂಗಳು ಆಗಿರಬಹುದು, ಅಲ್ವಾ? ನಿದ್ದೆ, ಗಮನ ಕೆಲವು ವಾರಗಳಲ್ಲಿ ಸುಧಾರಿಸುತ್ತವೆ. ಯೋಚನೆ, ತೀರ್ಮಾನ, ಮುಖ ಓದುವುದು ನಿಧಾನ. ತಿಂಗಳುಗಳೇ ಬೇಕು, ಕೆಲವರಿಗೆ ವರ್ಷ ದಾಟುತ್ತದೆ. ಎಲ್ಲರಿಗೂ ಪೂರ್ತಿ ತಿರುಗಿ ಬರುತ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಬಿಟ್ಟವರ ಮಿದುಳು ಸುಧಾರಿಸುವುದು ಸ್ಕ್ಯಾನಿನಲ್ಲಿ ಕಾಣುವುದಂತೂ ನಿಜ. ಮತ್ತೆ ಕುಡಿದರೆ ಅಷ್ಟೂ ಹೋಯಿತು.

ಕೆಲವು ಲಕ್ಷಣ ಇದ್ದರೆ ಕಾಯಬೇಡಿ. ನಡೆಯುವಾಗ ಓಲಾಡುವುದು, ಕಣ್ಣಿಗೆ ಎರಡೆರಡು ಕಾಣುವುದು, ಇವತ್ತು ಯಾವ ದಿನ ಅಂತ ಗೊತ್ತಾಗದಿರುವುದು, ನಡೆಯದ್ದನ್ನು ನಡೆದ ಹಾಗೆ ಹೇಳುವುದು. ಇದು ವಿಟಮಿನ್ ಬಿ1 ಕೊರತೆಯಿಂದ ಆಗುತ್ತದೆ, ತುರ್ತಾಗಿ ಇಂಜೆಕ್ಷನ್ ಬೇಕು, ತಡವಾದರೆ ನೆನಪಿನ ಶಕ್ತಿ ಹೋಗಿಯೇ ಬಿಡಬಹುದು. ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ ಇದ್ದರೆ ಲಿವರ್ ತೋರಿಸಿ. ಕುಡಿದು ಬಿದ್ದು ತಲೆಗೆ ಪೆಟ್ಟಾಗಿತ್ತಾ ಅಂತಲೂ ನೆನಪು ಮಾಡಿ. ಖಿನ್ನತೆ ಇದ್ದರೂ ಎಲ್ಲರೂ ತನ್ನನ್ನು ದ್ವೇಷಿಸುತ್ತಾರೆ ಅನ್ನಿಸುತ್ತದೆ, ಅದಕ್ಕೆ ಬೇರೆ ಮದ್ದು ಉಂಟು.

ತಾಂಡೇಲನ ಕೆಲಸ? ನನ್ನನ್ನು ಕೇಳಿದರೆ ಈ ಸೀಸನ್ ಬೇಡ. ಎಂಟು ಜನರ ಜೀವ, ಗಾಳಿ ಎದ್ದರೆ ತಿರುಗಬೇಕಾ ಬೇಡವಾ ಅಂತ ಒಂದು ನಿಮಿಷದಲ್ಲಿ ಹೇಳಬೇಕು. ದಕ್ಕೆಯಲ್ಲೇ ಬಲೆ ರಿಪೇರಿ ಕೆಲಸ ಸಿಗುವುದಿಲ್ಲವಾ? ಡಾಕ್ಟರ ಹತ್ತಿರ ಖಂಡಿತ ಕೇಳಿ.

ಪಡುಬಿದ್ರಿ ಕಂಡಕ್ಟರ್:

ಸಿಸ್ಟರ್ ಹೊರಗಿನಿಂದ ಹೇಳಿದರು, ನಾನು ಒಳಗಿನಿಂದ ಹೇಳುತ್ತೇನೆ. ಸ್ಟೇಟ್‌ಬ್ಯಾಂಕ್–ಉಡುಪಿ ಎಕ್ಸ್‌ಪ್ರೆಸ್ಸಿನಲ್ಲಿ ಕಂಡಕ್ಟರ್. ಕುಡಿತ ಬಿಟ್ಟು ಕೆಲವು ವರ್ಷ ಆಯಿತು.

ನಮ್ಮ ಕೆಲಸವೇ ಮುಖ ನೋಡುವುದು. ಸುರತ್ಕಲ್‌ನಲ್ಲಿ ಹತ್ತಿದವರಲ್ಲಿ ಯಾರು ಟಿಕೆಟ್ ಮಾಡಿಲ್ಲ, ಯಾರ ಹತ್ತಿರ ಚಿಲ್ಲರೆ ಉಂಟು, ಯಾವ ಹೆಂಗಸಿಗೆ ಪಕ್ಕದವನಿಂದ ಕಿರಿಕಿರಿ ಆಗುತ್ತಿದೆ, ಯಾವ ಮಗು ಈಗ ವಾಂತಿ ಮಾಡುತ್ತದೆ, ಎಲ್ಲ ಮುಖದಲ್ಲೇ ಗೊತ್ತಾಗಬೇಕು. ಗೊತ್ತಾಗುತ್ತಿತ್ತು ಕೂಡ. ಕುಡಿತ ಜಾಸ್ತಿಯಾದ ಮೇಲೆ ಅದು ಹೋದದ್ದು ನನಗೆ ತಿಳಿಯಲೇ ಇಲ್ಲ. ಬಿಟ್ಟು ಪುನಃ ಡ್ಯೂಟಿಗೆ ಬಂದಾಗ ತಿಳಿಯಿತು. ಮಳೆಗಾಲದಲ್ಲಿ ವೈಪರ್ ಕೆಟ್ಟ ಬಸ್ಸಿನ ಗಾಜಿನಿಂದ ನೋಡಿದ ಹಾಗೆ. ಯಾರೋ ಇದ್ದಾರೆ ಅಂತ ಗೊತ್ತು, ಮುಖ ಗೊತ್ತಿಲ್ಲ.

ಒಂದು ದಿನ ಮುಲ್ಕಿ ದಾಟಿದ ಮೇಲೆ ಒಬ್ಬ ಹುಡುಗನ ಹತ್ತಿರ ಟಿಕೆಟ್ ಕೇಳಿದೆ. ಬಾಯಿಯ ಒಂದು ಬದಿ ಮಾತ್ರ ಎತ್ತಿ ನನ್ನನ್ನು ನೋಡಿದ. ತಮಾಷೆ ಮಾಡುತ್ತಿದ್ದಾನೆ ಅಂತ ನನಗೆ ಮೈಯೆಲ್ಲ ಬಿಸಿ. ಕಾಲರಿಗೆ ಕೈ ಹೋಗುವುದೊಂದು ಬಾಕಿ. ಹಿಂದಿನ ಸೀಟಿನ ಅಜ್ಜಿ ತುಳುವಿನಲ್ಲಿ ಕೂಗಿದರು, ಅವನು ಹಲ್ಲು ಕೀಳಿಸಿಕೊಂಡು ಬರುತ್ತಿದ್ದಾನೆ, ಬಾಯಿ ಮರಗಟ್ಟಿದೆ ಅಂತ. ಆಗ ನೋಡಿದೆ, ಕೈಯಲ್ಲಿ ರಕ್ತದ ಹತ್ತಿ. ಅಷ್ಟು ಹೊತ್ತೂ ಅದು ನನ್ನ ಕಣ್ಣೆದುರೇ ಇತ್ತು. ಡ್ರೈವರ್ ಅಣ್ಣ ಕನ್ನಡಿಯಲ್ಲಿ ನೋಡುತ್ತಿದ್ದರು, ಏನೂ ಹೇಳಲಿಲ್ಲ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಬಿಟ್ಟ ಮೇಲೆ ಏನೂ ಖುಷಿ ಅನ್ನಿಸುವುದಿಲ್ಲ. ಊರಿನಲ್ಲಿ ಯಕ್ಷಗಾನ, ಮೊದಲು ಬೆಳಿಗ್ಗೆವರೆಗೆ ಕೂತವನು ನಾನು. ಚೆಂಡೆ ಬಡಿಯುತ್ತಿದೆ, ಜನ ಚಪ್ಪಾಳೆ ಹೊಡೆಯುತ್ತಿದ್ದಾರೆ, ನಾನು ಮರದ ಕೊರಡಿನ ಹಾಗೆ. ಡಾಕ್ಟರು ಹೇಳಿದ್ದು ಡೋಪಮೈನ್ ಕಥೆ, ಖುಷಿಗೆ ಸಂಬಂಧಪಟ್ಟ ಮಿದುಳಿನ ರಾಸಾಯನಿಕ ಅದು. ವರ್ಷಗಟ್ಟಲೆ ಮದ್ಯದಿಂದ ದೊಡ್ಡ ದೊಡ್ಡ ಕಿಕ್ ಕಂಡ ಮಿದುಳಿಗೆ ಮೀನು ಸಾರು, ಮಕ್ಕಳ ನಗು ಸಣ್ಣದಾಗಿ ಬಿಡುತ್ತವಂತೆ. ಮೆಲ್ಲನೆ ತಿರುಗಿ ಬರುತ್ತದೆ ಅಂದರು. ಬಂತು. ಆದರೆ ಆ ಖಾಲಿ ತಿಂಗಳುಗಳಲ್ಲಿಯೇ ಜನ ವಾಪಸ್ ಗಡಂಗಿಗೆ ಹೋಗುವುದು. ಎಲ್ಲರೂ ಸಿಟ್ಟಲ್ಲಿದ್ದಾರೆ, ಏನೂ ರುಚಿಸುವುದಿಲ್ಲ, ಮತ್ತೆ ಯಾರಿಗೋಸ್ಕರ ಬಿಡಬೇಕು? ಹೀಗೇ ಓಡುತ್ತದೆ ಮಂಡೆ.

ನನಗೆ ಸಹಾಯ ಆದದ್ದು ಎಎ ಮೀಟಿಂಗ್, ಆಲ್ಕೊಹಾಲಿಕ್ಸ್ ಅನಾನಿಮಸ್ ಅಂತ, ಕುಡಿತ ಬಿಡುವವರ ಗುಂಪು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಶುರು ಮಾಡಿದ್ದು, ಒಬ್ಬರು ಡಾಕ್ಟರೇ. ಅಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಸುಮ್ನೆ ಕೇಳಬೇಕು. ಮುಖ ನೋಡಿ ಊಹೆ ಮಾಡುವ ಕಷ್ಟ ಇಲ್ಲ, ಅವರೇ “ನನಗೆ ನಾಚಿಕೆ ಆಯಿತು, ಹೆದರಿಕೆ ಆಯಿತು” ಅಂತ ಬಾಯಿ ಬಿಟ್ಟು ಹೇಳುತ್ತಾರೆ. ನನ್ನ ಎದೆ ಬಿಗಿಯುವುದಕ್ಕೂ ಹೆದರಿಕೆ ಅಂತಾರೆ ಅಂತ ನನಗೆ ಹೊಳೆದದ್ದು ಅಲ್ಲಿ. ಅಣ್ಣನಿಗೆ ಬರಲಿಕ್ಕೆ ಮನಸ್ಸಿದ್ದರೆ ಮೆಸೇಜ್ ಹಾಕಿ, ನಾನು ಉಡುಪಿಯಲ್ಲಿ ಕರೆದುಕೊಂಡು ಹೋಗುತ್ತೇನೆ.

ದೇರಳಕಟ್ಟೆ ಅಪ್ಪ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮಗ ಕಾಲೇಜು. ಕುಡಿಯುವುದಿಲ್ಲ, ಗಾಂಜಾ. “ಅದು ಗಿಡ, ಏನೂ ಆಗುವುದಿಲ್ಲ” ಅನ್ನುತ್ತಾನೆ. ಈಗೀಗ ಮನೆಯ ಹೊರಗೆ ನಿಂತವರು ತನ್ನ ಬಗ್ಗೆಯೇ ಮಾತಾಡುತ್ತಾರೆ ಅಂತ ಕಿಟಕಿ ಹಾಕುತ್ತಾನೆ. ಇದೂ ಇದೇ ಜಾತಿಯದ್ದಾ?

ಬಿಜೈ ಸಿಸ್ಟರ್:

ಅಪ್ಪನವರೇ, ಇದು ಬೇರೆ, ಮತ್ತು ಅವಸರದ್ದು. ಗಾಂಜಾದಿಂದ ಗಮನ, ನೆನಪು ಮಂದ ಆಗುವುದು ಬಿಟ್ಟ ಕೆಲವು ವಾರಗಳಲ್ಲಿ ಬಹಳಷ್ಟು ಸುಧಾರಿಸುತ್ತದೆ. ಆದರೆ ಹರೆಯದಲ್ಲಿ ಜಾಸ್ತಿ ಸೇದಿದವರಲ್ಲಿ ಸೈಕೋಸಿಸ್, ಅಂದರೆ ಇಲ್ಲದ್ದನ್ನು ನಿಜ ಅಂತ ನಂಬುವ ಮನೋರೋಗ, ಬರುವ ಅಪಾಯ ಹೆಚ್ಚು. ಹೊರಗಿನವರು ತನ್ನ ಬಗ್ಗೆಯೇ ಮಾತಾಡುತ್ತಾರೆ ಅಂತ ಕಿಟಕಿ ಹಾಕುವುದು ಅದರ ಶುರು ಇರಬಹುದು. ವಾದ ಮಾಡಬೇಡಿ, ಈ ವಾರವೇ ಮನೋವೈದ್ಯರಿಗೆ ತೋರಿಸಿ. ಹೇಗೆ ಕರೆದುಕೊಂಡು ಹೋಗುವುದು ಅಂತ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರಕಾರದ್ದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಚಟದ ವಿಷಯಕ್ಕೇ ಅಂತ 14446 ಕೂಡ ಉಂಟು.

ಸಂತೆಕಟ್ಟೆ ತಂಗಿ:

ಸಿಸ್ಟರಿಗೂ ಕಂಡಕ್ಟರ್ ಅಣ್ಣನಿಗೂ ತುಂಬ ಥ್ಯಾಂಕ್ಸ್. ಇದನ್ನೆಲ್ಲ ಅತ್ತಿಗೆಗೆ ಓದಿ ಹೇಳಿದೆ. “ಮುಖ ನೋಡಿ ತಪ್ಪು ತಿಳಿಯುತ್ತಾನೆ, ಹಾಗಾಗಿ ನಾವು ಬಾಯಿ ಬಿಟ್ಟು ಹೇಳಬೇಕು” ಅಂತ ನಾನೇ ಸೇರಿಸಿದೆ.

ಅತ್ತಿಗೆಗೆ ಸಿಟ್ಟು ಬಂತು. “ನನ್ನ ಮುಖಕ್ಕೆ ಇನ್ನು ನಾನೇ ಅರ್ಥ ಹೇಳ್ತಾ ಕೂರಬೇಕಾ? ಇಷ್ಟು ವರ್ಷ ಇವರ ಮುಖ ಓದಿದ್ದು ಯಾರು? ಗೇಟಿನ ಸದ್ದು ಕೇಳಿಯೇ ಎಷ್ಟು ಕುಡಿದಿದ್ದಾರೆ, ಮಗಳನ್ನು ಒಳಗೆ ಕಳಿಸಬೇಕಾ ಬೇಡವಾ ಅಂತ ನನಗೆ ಗೊತ್ತಾಗುತ್ತಿತ್ತು” ಅಂದರು. ನನಗೆ ಮಾತೇ ಹೊರಡಲಿಲ್ಲ. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲವಲ್ಲ?

ಬಿಜೈ ಸಿಸ್ಟರ್:

ಒಂದು ಚೂರೂ ತಪ್ಪಿಲ್ಲ. ಅವರಿಗೆ ನನ್ನ ನಮಸ್ಕಾರ ಹೇಳಿ.

ಬಾಯಿ ಬಿಟ್ಟು ಹೇಳುವುದು ಅಂದರೆ ಅಣ್ಣನನ್ನು ಸಮಾಧಾನ ಮಾಡುವುದು ಅಂತ ಅಲ್ಲ. ಎಣ್ಣೆ ಸಿಡಿದದ್ದಾದರೆ “ಎಣ್ಣೆ ಸಿಡಿಯಿತು” ಅಂತ ಒಂದೇ ಮಾತು, ಮತ್ತೆ ವಾದ ಬೇಡ. ಆದರೆ ನಿಜವಾಗಿ ಸಿಟ್ಟಿದ್ದರೆ “ನನಗೆ ಸಿಟ್ಟಿಲ್ಲ” ಅಂತ ಹೇಳಲೇಬಾರದು. ಅವರು ಅಪರೂಪಕ್ಕೆ ಸರಿಯಾಗಿ ಓದಿದ್ದನ್ನೂ ನಾವು ತಪ್ಪು ಅಂತ ಕಲಿಸಿದ ಹಾಗಾಗುತ್ತದೆ. “ಹೌದು, ಸಿಟ್ಟು ಉಂಟು, ಚೀಟಿಯ ವಿಷಯಕ್ಕೆ” ಅನ್ನಲಿ. ಮಗಳಿಗೂ ಹಾಗೇ ಹೇಳಲಿಕ್ಕೆ ಬಿಡಿ: “ಅಪ್ಪ, ನನಗೆ ಹೆದರಿಕೆ ಆಗ್ತಿದೆ.” ದೊಡ್ಡವರು ಯಾರಾದರೂ ಜೊತೆಗೆ ಇರುವಾಗ ಮಾತ್ರ. ಕೈ ಎತ್ತುವ ಲಕ್ಷಣ ಇದ್ದರೆ ಈ ಯಾವುದೂ ಬೇಡ, ಮಗುವನ್ನು ಕರೆದುಕೊಂಡು ಹೊರಗೆ ಬಂದು ಬಿಡಿ. ಮಿದುಳಿಗೆ ಪೆಟ್ಟಾಗಿದೆ ಅಂತ ಹೊಡೆತ ತಿನ್ನಬೇಕಾಗಿಲ್ಲ.

ಅತ್ತಿಗೆಗೆ ಅಂತಲೇ ಬೇರೆ ಗುಂಪು ಉಂಟು, ಅಲ್–ಅನಾನ್ ಅಂತ. ಕುಡಿಯುವವರ ಮನೆಯವರಿಗೆ. 1951ರಿಂದ ನಡೆಯುತ್ತಿದೆ. ಅಲ್ಲಿ ಗಂಡನನ್ನು ಸರಿ ಮಾಡುವ ಪಾಠ ಇಲ್ಲ, ಅವರದ್ದೇ ಕಥೆ ಹೇಳಬಹುದು.

ಡಾಕ್ಟರ ಹತ್ತಿರ ಹೋಗುವಾಗ ಡಿಸ್ಚಾರ್ಜ್ ಚೀಟಿ, ಈಗ ತಗೊಳ್ಳುವ ಮಾತ್ರೆಗಳ ಪಟ್ಟಿ, ಲಿವರ್ ರಿಪೋರ್ಟ್ ಹಿಡಿದುಕೊಂಡು ಹೋಗಿ. ಬಂಗುಡೆಯ ದಿನ ನಡೆದದ್ದನ್ನು ಇಲ್ಲಿ ಬರೆದ ಹಾಗೇ ಹೇಳಿ. ಬರೇ “ಸಿಟ್ಟು ಜಾಸ್ತಿ” ಅಂದರೆ ನಿದ್ದೆ ಮಾತ್ರೆ ಬರೆದುಕೊಟ್ಟು ಕಳಿಸಿಬಿಡುವುದೂ ಉಂಟು. ಯೋಚನಾ ಶಕ್ತಿಯ ಪರೀಕ್ಷೆ ಮಾಡಿಸಬಹುದಾ ಅಂತ ಕೇಳಿ, ಕ್ಲಿನಿಕಲ್ ಸೈಕಾಲಜಿಸ್ಟ್ ಮಾಡುತ್ತಾರೆ. ಅತ್ತಿಗೆಗೆ ಬೇರೆಯಾಗಿ ಹತ್ತು ನಿಮಿಷ ಕೊಡಿ ಅಂತಲೂ ಕೇಳಿ.

ಸಂತೆಕಟ್ಟೆ ತಂಗಿ:

ಬುಧವಾರಕ್ಕೆ ಟೋಕನ್ ಸಿಕ್ಕಿದೆ. ಅತ್ತಿಗೆ ಬರುತ್ತಾರೆ, ಆದರೆ ಅಣ್ಣನ ಜೊತೆ ಸ್ಕೂಟರಿನಲ್ಲಿ ಅಲ್ಲ, ನನ್ನ ಜೊತೆ ಬಸ್ಸಿನಲ್ಲಂತೆ. ಬೋಟಿನ ಮಾಲೀಕರ ಹತ್ತಿರ ಮಾತಾಡುವುದು ಅಣ್ಣನ ಎದುರೇ ಅಂತ ತೀರ್ಮಾನ ಆಗಿದೆ. ಅವನಿಗೆ ಬಲೆ ಕೆಲಸದ ವಿಷಯ ಹೇಳಿದೆ, ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಕಂಡಕ್ಟರ್ ಅಣ್ಣ, ನಿಮಗೆ ಮೆಸೇಜ್ ಹಾಕಿದ್ದೇನೆ, ನೋಡಿ.